ಆಲಿಸ್ ಹ್ಯಾಮಿಲ್ಟನ್

ಆಲಿಸ್ ಹ್ಯಾಮಿಲ್ಟನ್ (ಫೆಬ್ರವರಿ 27, 1869 – ಸೆಪ್ಟೆಂಬರ್ 22, 1970) ಅಮೆರಿಕದ ವೈದ್ಯೆ, ಸಂಶೋಧಕಿ ಹಾಗೂ ಸಮಾಜ ಸುಧಾರಕಿ. ಸೀಸ, ಪಾದರಸ, ಸ್ಫೋಟಕ ರಾಸಾಯನಿಕಗಳು ಮುಂತಾದ ವಿಷವಸ್ತುಗಳು ಕಾರ್ಖಾನೆಯ ಕೆಲಸಗಾರರ ದೇಹಕ್ಕೆ ಮಾಡುವ ಹಾನಿಯನ್ನು ಅಮೆರಿಕದಲ್ಲಿ ಕ್ರಮಬದ್ಧವಾಗಿ ಅಧ್ಯಯನ ಮಾಡಿದ ಮೊದಲಿಗರಲ್ಲಿ ಇವರು ಅಗ್ರಗಣ್ಯರು. ಔದ್ಯೋಗಿಕ ವೈದ್ಯಶಾಸ್ತ್ರ ಎಂಬ ಶಾಖೆ ಆ ದೇಶದಲ್ಲಿ ನೆಲೆಗೊಳ್ಳಲು ಇವರ ಕೆಲಸವೇ ಮುಖ್ಯ ಕಾರಣವೆಂದು ಪರಿಗಣಿಸಲಾಗಿದೆ. 1919ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಾಪಕ ವರ್ಗಕ್ಕೆ ನೇಮಕಗೊಂಡ ಇವರು, ಆ ವಿಶ್ವವಿದ್ಯಾಲಯದ ಮೊದಲ ಮಹಿಳಾ ಅಧ್ಯಾಪಕಿಯೂ ಹೌದು.

ಜನನ ಮತ್ತು ಬಾಲ್ಯ

ಹ್ಯಾಮಿಲ್ಟನ್ ಅವರು ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ತಂದೆ ಮಾಂಟ್‌ಗೊಮೆರಿ ಹ್ಯಾಮಿಲ್ಟನ್, ತಾಯಿ ಗರ್ಟ್ರೂಡ್ ಪಾಂಡ್. ಇವರು ಬೆಳೆದದ್ದು ಇಂಡಿಯಾನಾ ರಾಜ್ಯದ ಫೋರ್ಟ್ ವೇನ್ ಪಟ್ಟಣದಲ್ಲಿ. ನಾಲ್ವರು ಸಹೋದರಿಯರಲ್ಲಿ ಇವರು ಎರಡನೆಯವರು. ಎಲ್ಲರಿಗಿಂತ ಕಿರಿಯವನಾದ ಒಬ್ಬ ತಮ್ಮನಿದ್ದನು. ಅಕ್ಕ ಎಡಿತ್ ಹ್ಯಾಮಿಲ್ಟನ್ ಮುಂದೆ ಪ್ರಾಚೀನ ಗ್ರೀಕ್ ಸಂಸ್ಕೃತಿಯ ಬಗ್ಗೆ ಬರೆದ ಗ್ರಂಥಗಳಿಂದ ಪ್ರಸಿದ್ಧರಾದರು.

ಮಕ್ಕಳಿಗೆ ಮನೆಯಲ್ಲಿಯೇ ಪಾಠ ಹೇಳಿಸಲಾಗುತ್ತಿತ್ತು. ಭಾಷೆ, ಸಾಹಿತ್ಯ ಮತ್ತು ಇತಿಹಾಸಗಳಿಗೆ ಅಲ್ಲಿ ಹೆಚ್ಚಿನ ಸ್ಥಾನವಿತ್ತು. ಗಣಿತ ಹಾಗೂ ವಿಜ್ಞಾನಗಳಿಗೆ ಅಷ್ಟಾಗಿ ಇರಲಿಲ್ಲ. ಹದಿನೇಳನೆಯ ವಯಸ್ಸಿನಲ್ಲಿ ಕನೆಕ್ಟಿಕಟ್ ರಾಜ್ಯದ ಫಾರ್ಮಿಂಗ್ಟನ್‌ನಲ್ಲಿದ್ದ ಮಿಸ್ ಪೋರ್ಟರ್ಸ್ ಶಾಲೆಗೆ ಸೇರಿ ಎರಡು ವರ್ಷ ಓದಿದರು. ಇದಕ್ಕೂ ಮೊದಲೇ, 1885ರಲ್ಲಿ, ತಂದೆಯ ಸಗಟು ಕಿರಾಣಿ ವ್ಯಾಪಾರ ನಷ್ಟಕ್ಕೆ ಸಿಲುಕಿ ಮುಚ್ಚಿಹೋಯಿತು. ಹೆಣ್ಣುಮಕ್ಕಳು ತಮ್ಮ ಜೀವನೋಪಾಯವನ್ನು ತಾವೇ ಕಂಡುಕೊಳ್ಳಬೇಕಾದ ಸ್ಥಿತಿ ಒದಗಿತು. ವೈದ್ಯರಾದರೆ ಯಾವ ಊರಿಗೆ ಹೋದರೂ ಜನರಿಗೆ ಉಪಯೋಗವಾಗಿ ಬಾಳಬಹುದು ಎಂಬ ವಿಚಾರದಿಂದ ಆಲಿಸ್ ಅವರು ವೈದ್ಯಕೀಯ ವೃತ್ತಿಯನ್ನು ಆರಿಸಿಕೊಂಡರು.

ವೈದ್ಯಕೀಯ ಶಿಕ್ಷಣ

ವಿಜ್ಞಾನದಲ್ಲಿ ತಮಗಿದ್ದ ಕೊರತೆಯನ್ನು ತುಂಬಿಕೊಳ್ಳಲು ಅವರು ಮೊದಲು ಊರಿನ ಪ್ರೌಢಶಾಲಾ ಶಿಕ್ಷಕರೊಬ್ಬರಿಂದ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರಗಳ ಪಾಠ ಹೇಳಿಸಿಕೊಂಡರು. ಬಳಿಕ ಫೋರ್ಟ್ ವೇನ್ ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರವನ್ನು ಅಭ್ಯಾಸ ಮಾಡಿ, ಮಿಷಿಗನ್ ವಿಶ್ವವಿದ್ಯಾಲಯವನ್ನು ಸೇರಿ 1893ರಲ್ಲಿ ವೈದ್ಯಕೀಯ ಪದವಿ ಪಡೆದರು. ಮಿನಿಯಾಪೊಲಿಸ್ ಮತ್ತು ಬಾಸ್ಟನ್ ನಗರಗಳಲ್ಲಿ ಮಹಿಳೆಯರ ಹಾಗೂ ಮಕ್ಕಳ ಆಸ್ಪತ್ರೆಗಳಲ್ಲಿ ತರಬೇತಿ ಪಡೆದ ಕಾಲದಲ್ಲಿಯೇ, ರೋಗಿಗಳಿಗೆ ಚಿಕಿತ್ಸೆ ನೀಡುವುದಕ್ಕಿಂತ ರೋಗದ ಮೂಲವನ್ನು ಶೋಧಿಸುವುದು ತಮಗೆ ಹೆಚ್ಚು ಒಗ್ಗುತ್ತದೆಂಬುದು ಅವರಿಗೆ ಮನವರಿಕೆಯಾಯಿತು.

1895ರಲ್ಲಿ ಅಕ್ಕ ಎಡಿತ್ ಅವರೊಡನೆ ಜರ್ಮನಿಗೆ ತೆರಳಿ ಮ್ಯೂನಿಕ್ ಹಾಗೂ ಲೈಪ್‌ಜಿಗ್ ವಿಶ್ವವಿದ್ಯಾಲಯಗಳಲ್ಲಿ ಸೂಕ್ಷ್ಮಜೀವಶಾಸ್ತ್ರ ಮತ್ತು ರೋಗಲಕ್ಷಣಶಾಸ್ತ್ರವನ್ನು ಅಧ್ಯಯನ ಮಾಡಿದರು. ಸ್ತ್ರೀಯರಿಗೆ ಅಲ್ಲಿ ವಿದ್ಯಾರ್ಥಿಗಳೆಂಬ ಪೂರ್ಣ ಮಾನ್ಯತೆ ಇರಲಿಲ್ಲ. ಯಾರ ಗಮನಕ್ಕೂ ಬಾರದಂತೆ ಕುಳಿತು ಉಪನ್ಯಾಸ ಕೇಳಲು ಮಾತ್ರ ಅನುಮತಿಯಿತ್ತು. ಅಮೆರಿಕಕ್ಕೆ ಮರಳಿದ ಮೇಲೆ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಶಾಲೆಯಲ್ಲಿ ಒಂದು ವರ್ಷ ಸಂಶೋಧನೆ ನಡೆಸಿದರು.

ಹಲ್ ಹೌಸ್

1897ರಲ್ಲಿ ಷಿಕಾಗೋದ ಮಹಿಳಾ ವೈದ್ಯಕೀಯ ಶಾಲೆಯಲ್ಲಿ ರೋಗಲಕ್ಷಣಶಾಸ್ತ್ರದ ಪ್ರಾಧ್ಯಾಪಕಿಯಾಗಿ ನೇಮಕಗೊಂಡರು. ಅದೇ ವರ್ಷ ಜೇನ್ ಆಡಮ್ಸ್ ಅವರು ನಡೆಸುತ್ತಿದ್ದ ಹಲ್ ಹೌಸ್‌ನಲ್ಲಿ ವಾಸಕ್ಕೆ ಸೇರಿದರು. ಸುಶಿಕ್ಷಿತರು ಬಡವರ ಕೇರಿಯಲ್ಲಿಯೇ ನೆಲೆಸಿ, ನೆರೆಹೊರೆಯವರಾಗಿ ಅವರ ಕಷ್ಟಸುಖಗಳಲ್ಲಿ ಪಾಲುಗೊಳ್ಳಬೇಕು ಎಂಬ ಉದ್ದೇಶದಿಂದ 1889ರಲ್ಲಿ ಸ್ಥಾಪನೆಯಾದ ಸಂಸ್ಥೆ ಇದು. ಸುತ್ತಲೂ ಇಟಲಿ, ಗ್ರೀಸ್ ಹಾಗೂ ಪೂರ್ವ ಯೂರೋಪಿನ ದೇಶಗಳಿಂದ ವಲಸೆ ಬಂದ ಕೂಲಿಕಾರರ ಮನೆಗಳಿದ್ದವು. ಹ್ಯಾಮಿಲ್ಟನ್ ಅವರು ಹಗಲು ಕಾಲೇಜಿನಲ್ಲಿ ಪಾಠ ಹೇಳುತ್ತ, ಬಿಡುವಿನ ವೇಳೆಯಲ್ಲಿ ಹಸುಗೂಸುಗಳ ಆರೋಗ್ಯ ಕೇಂದ್ರವನ್ನು ನಡೆಸುತ್ತಿದ್ದರು. ಇಪ್ಪತ್ತೆರಡು ವರ್ಷಗಳ ಕಾಲ ಹಲ್ ಹೌಸ್ ಅವರ ಮನೆಯಾಗಿತ್ತು.

ಈ ನೆರೆಹೊರೆಯ ಬಾಳು ಅವರಿಗೆ ಹೊಸ ದೃಷ್ಟಿಯನ್ನು ನೀಡಿತು. ಗಟ್ಟಿಮುಟ್ಟಾಗಿ ಕೆಲಸಕ್ಕೆ ಹೋಗುತ್ತಿದ್ದ ಗಂಡಸರು ಕೆಲವೇ ತಿಂಗಳುಗಳಲ್ಲಿ ಕೈ ಸೋತು, ಹೊಟ್ಟೆನೋವಿನಿಂದ ನರಳಿ ಹಾಸಿಗೆ ಹಿಡಿಯುವುದನ್ನು ಅವರು ಕಣ್ಣಾರೆ ಕಂಡರು. ಆಸ್ಪತ್ರೆಯ ದಾಖಲೆಗಳಲ್ಲಿ ರೋಗದ ಹೆಸರಿರುತ್ತಿತ್ತೇ ಹೊರತು, ರೋಗಿ ಯಾವ ಕೆಲಸ ಮಾಡುತ್ತಿದ್ದನೆಂಬ ವಿವರ ಸಾಮಾನ್ಯವಾಗಿ ಇರುತ್ತಿರಲಿಲ್ಲ.

ಟೈಫಾಯ್ಡ್ ಅಧ್ಯಯನ

1902ರಲ್ಲಿ ಷಿಕಾಗೋ ನಗರದಲ್ಲಿ ಟೈಫಾಯ್ಡ್ ಜ್ವರ ಹರಡಿ, ಹಲ್ ಹೌಸ್ ಇದ್ದ ವಾರ್ಡು ತೀವ್ರ ಹಾನಿಗೊಳಗಾಯಿತು. ಅಲ್ಲಿನ ತೆರೆದ ಶೌಚಗುಂಡಿಗಳ ಬಳಿ ಹಿಡಿದ ನೊಣಗಳಲ್ಲಿ ಟೈಫಾಯ್ಡ್ ರೋಗಾಣುಗಳನ್ನು ಗುರುತಿಸಿದ ಹ್ಯಾಮಿಲ್ಟನ್, ನೊಣಗಳೇ ರೋಗವನ್ನು ಹರಡಿರಬೇಕೆಂದು ಪ್ರಬಂಧ ಬರೆದರು. ಅದಕ್ಕೆ ದೊಡ್ಡ ಪ್ರಚಾರ ದೊರೆಯಿತು. ನಗರದ ಆರೋಗ್ಯ ಇಲಾಖೆಯ ಮೇಲೆ ವಿಚಾರಣೆಯೂ ನಡೆಯಿತು. ಆದರೆ ನಿಜವಾದ ಕಾರಣ ಬೇರೆಯಾಗಿತ್ತು. ಒಳಚರಂಡಿಯ ನೀರು ಕುಡಿಯುವ ನೀರಿನ ಕೊಳವೆಗೆ ಸೋರಿಹೋಗಿದ್ದು, ಆ ಸಂಗತಿಯನ್ನು ಬಚ್ಚಿಡಲಾಗಿತ್ತು ಎಂಬುದು ತಡವಾಗಿ ತಿಳಿಯಿತು. ತಮ್ಮ ತೀರ್ಮಾನ ತಪ್ಪಾಗಿದ್ದುದನ್ನು ಹ್ಯಾಮಿಲ್ಟನ್ ಆತ್ಮಕಥೆಯಲ್ಲಿ ಮರೆಮಾಚದೆ ದಾಖಲಿಸಿದ್ದಾರೆ. ಮುಂದೆ ಸೀಸದ ಅಧ್ಯಯನದಲ್ಲಿ ಅವರು ಸಾಕ್ಷ್ಯದ ವಿಷಯದಲ್ಲಿ ತೋರಿದ ಕಟ್ಟುನಿಟ್ಟನ್ನು ಗಮನಿಸುವಾಗ ಈ ಪ್ರಸಂಗವನ್ನೂ ನೆನೆಯಬೇಕಾಗುತ್ತದೆ.

ಔದ್ಯೋಗಿಕ ರೋಗಗಳತ್ತ

ಬ್ರಿಟಿಷ್ ವೈದ್ಯ ಥಾಮಸ್ ಆಲಿವರ್ ಅವರು ಅಪಾಯಕಾರಿ ಉದ್ಯೋಗಗಳ ಕುರಿತು ಸಂಪಾದಿಸಿದ್ದ ಗ್ರಂಥ ಹ್ಯಾಮಿಲ್ಟನ್ ಅವರ ಆಸಕ್ತಿಯನ್ನು ಈ ಕ್ಷೇತ್ರದತ್ತ ಸೆಳೆಯಿತು. ಬ್ರಿಟನ್ ಹಾಗೂ ಜರ್ಮನಿಯಲ್ಲಿ ಇಂಥ ರೋಗಗಳ ಬಗ್ಗೆ ಕಾನೂನು, ತಪಾಸಣೆ, ಅಧ್ಯಯನಗಳು ಆಗಲೇ ಇದ್ದವು. ಅಮೆರಿಕದಲ್ಲಿ ಏನೂ ಇರಲಿಲ್ಲವೆಂದರೂ ತಪ್ಪಾಗದು. ತಮ್ಮ ದೇಶದ ಕಾರ್ಖಾನೆಗಳು ಯೂರೋಪಿನವುಗಳಿಗಿಂತ ಉತ್ತಮವಾಗಿವೆ, ಆದ್ದರಿಂದ ಇಲ್ಲಿ ಅಂಥ ರೋಗಗಳಿಲ್ಲ ಎಂಬುದು ಅಲ್ಲಿನ ಸಾಮಾನ್ಯ ನಂಬಿಕೆಯಾಗಿತ್ತು. ಬೆಂಕಿಕಡ್ಡಿ ಕಾರ್ಖಾನೆಗಳಲ್ಲಿ ಬಿಳಿ ರಂಜಕದಿಂದ ಕೆಲಸಗಾರರ ದವಡೆಯ ಮೂಳೆ ಕೊಳೆಯುತ್ತಿದೆಯೆಂದು ಜಾನ್ ಆಂಡ್ರೂಸ್ ಅವರ ವರದಿಯಿಂದ ತಿಳಿದುಬಂದಾಗ ಈ ನಂಬಿಕೆಗೆ ದೊಡ್ಡ ಪೆಟ್ಟು ಬಿತ್ತು.

1908ರಲ್ಲಿ ಇಲಿನಾಯ್ ರಾಜ್ಯದ ಗವರ್ನರ್ ಚಾರ್ಲ್ಸ್ ಡೆನೀನ್ ಔದ್ಯೋಗಿಕ ರೋಗಗಳ ಕುರಿತ ಆಯೋಗವನ್ನು ನೇಮಿಸಿದರು. ಅಮೆರಿಕದ ರಾಜ್ಯವೊಂದು ಇಂಥ ಅಧ್ಯಯನಕ್ಕೆ ಮುಂದಾದದ್ದು ಅದೇ ಮೊದಲು. 1910ರಲ್ಲಿ ನಡೆದ ಸಮೀಕ್ಷೆಯ ಹೊಣೆ ಹ್ಯಾಮಿಲ್ಟನ್ ಅವರ ಪಾಲಿಗೆ ಬಂದಿತು. ಸೀಸದ ಅಧ್ಯಯನವನ್ನು ಅವರು ತಮ್ಮ ಬಳಿಯೇ ಇಟ್ಟುಕೊಂಡರು.

ಸೀಸದ ಸಮೀಕ್ಷೆ

ಸೀಸವು ಬಣ್ಣ, ಬ್ಯಾಟರಿ, ಮುದ್ರಣದ ಅಚ್ಚುಮೊಳೆ, ಪಿಂಗಾಣಿ ಮೆರುಗು ಮುಂತಾದ ಅನೇಕ ಉದ್ಯಮಗಳಲ್ಲಿ ಬಳಕೆಯಲ್ಲಿತ್ತು. ಅದು ದೇಹದಲ್ಲಿ ಸೇರಿಕೊಳ್ಳುತ್ತ ಹೋದಂತೆ ರಕ್ತಹೀನತೆ, ಹೊಟ್ಟೆನುಲಿತ, ಮಲಬದ್ಧತೆ ಕಾಣಿಸಿಕೊಳ್ಳುತ್ತವೆ. ಮುಂದುವರಿದಾಗ ಮಣಿಕಟ್ಟಿನ ಸ್ನಾಯುಗಳು ಸೋತು ಕೈ ಜೋತುಬೀಳುತ್ತದೆ. ಮಿದುಳಿಗೆ ತಗುಲಿದರೆ ಸೆಳವು, ಬುದ್ಧಿಭ್ರಮಣೆ ಮತ್ತು ಸಾವು ಸಂಭವಿಸಬಹುದು. ಕೆಲವರ ಒಸಡಿನ ಅಂಚಿನಲ್ಲಿ ಕಪ್ಪುನೀಲಿ ಗೆರೆಯೊಂದು ಮೂಡುತ್ತದೆ.

ಕೈ ತೊಳೆಯದೆ ಊಟ ಮಾಡುವುದರಿಂದಲೇ ಕೆಲಸಗಾರರಿಗೆ ಸೀಸದ ವಿಷ ತಗುಲುತ್ತದೆ ಎಂದು ಕಾರ್ಖಾನೆಯವರು ಹೇಳುತ್ತಿದ್ದರು. ಅಂದರೆ ತಪ್ಪು ಕೆಲಸಗಾರನದೇ ಎಂದು ಅದರ ಅರ್ಥ. ಹ್ಯಾಮಿಲ್ಟನ್ ಅವರ ಪರಿಶೀಲನೆ ಬೇರೆಯದನ್ನು ತೋರಿಸಿತು. ವಿಷವು ಮುಖ್ಯವಾಗಿ ದೇಹ ಸೇರುತ್ತಿದ್ದುದು ಉಸಿರಿನ ಮೂಲಕ, ಅಂದರೆ ಕೆಲಸದ ಜಾಗದಲ್ಲಿ ತುಂಬಿರುತ್ತಿದ್ದ ಧೂಳು ಮತ್ತು ಹೊಗೆಯಿಂದ. ಕೈ ತೊಳೆದರೆ ಮಾತ್ರ ಸಾಲದು, ಗಾಳಿಯನ್ನು ಶುದ್ಧವಾಗಿಡಬೇಕು. ಅದು ಮಾಲೀಕರಿಂದ ಮಾತ್ರ ಆಗಬಹುದಾದ ಕೆಲಸ ಎಂಬುದು ಅವರ ವಾದದ ತಿರುಳು.

ಅವರ ಶೋಧನಾ ಕ್ರಮ ಆ ಕಾಲಕ್ಕೆ ಹೊಸದಾಗಿತ್ತು. ಕಾರ್ಖಾನೆಯ ಪ್ರತಿಯೊಂದು ಹಂತವನ್ನೂ ನಿಂತು ನೋಡುವುದು, ಆಸ್ಪತ್ರೆಯ ದಾಖಲೆಗಳನ್ನು ತಿರುವಿಹಾಕುವುದು, ಔಷಧದಂಗಡಿಯವರನ್ನು, ಪಾದ್ರಿಗಳನ್ನು, ಕಾರ್ಮಿಕ ಸಂಘದ ಮುಖಂಡರನ್ನು ವಿಚಾರಿಸುವುದು, ಕೊನೆಗೆ ರೋಗಿಯ ಮನೆಗೇ ಹೋಗಿ ಮಾತನಾಡುವುದು ಇವೆಲ್ಲ ಅದರಲ್ಲಿ ಸೇರಿದ್ದವು. ಕೆಲಸ ಹೋದೀತೆಂಬ ಭಯದಿಂದ ಕಾರ್ಖಾನೆಯಲ್ಲಿ ಬಾಯಿ ಬಿಡದವರು ಮನೆಯಲ್ಲಿ ಹೆಂಡತಿ ಮಕ್ಕಳ ನಡುವೆ ನಿಜ ಹೇಳುತ್ತಿದ್ದರು. ವೈದ್ಯರು ಖಚಿತವಾಗಿ ಗುರುತಿಸಿದ ಅಥವಾ ಒಸಡಿನ ಗೆರೆಯಂಥ ಸ್ಪಷ್ಟ ಲಕ್ಷಣವಿದ್ದ ಪ್ರಕರಣಗಳನ್ನು ಮಾತ್ರ ಅವರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದರು. ಸೀಸದ ವಿಷಕ್ಕೆ ಅವಕಾಶವಿದ್ದ 70ಕ್ಕೂ ಹೆಚ್ಚು ಕೈಗಾರಿಕಾ ಪ್ರಕ್ರಿಯೆಗಳನ್ನು ಅವರು ಪತ್ತೆಹಚ್ಚಿದರು. ಅವುಗಳಲ್ಲಿ ಕೆಲವು ಯೂರೋಪಿನ ಗ್ರಂಥಗಳಲ್ಲಿಯೂ ಉಲ್ಲೇಖವಾಗಿರಲಿಲ್ಲ.

ಎನಾಮಲ್ ಲೇಪದ ಸ್ನಾನದ ತೊಟ್ಟಿಗಳ ಪ್ರಕರಣ ಇದಕ್ಕೆ ಒಳ್ಳೆಯ ನಿದರ್ಶನ. ಕೈ ಸೋತ ಪೋಲೆಂಡಿನ ಕೆಲಸಗಾರನೊಬ್ಬನನ್ನು ಆಸ್ಪತ್ರೆಯಲ್ಲಿ ಕಂಡ ಹ್ಯಾಮಿಲ್ಟನ್, ಅವನು ದುಡಿಯುತ್ತಿದ್ದ ತೊಟ್ಟಿ ಕಾರ್ಖಾನೆಗೆ ಹೋದರು. ಅಲ್ಲಿ ಸೀಸದ ಬಳಕೆಯೇ ಇಲ್ಲವೆಂದು ತಿಳಿಸಲಾಯಿತು. ತೋರಿಸಿದ ಜಾಗದಲ್ಲಿ ಅಪಾಯಕಾರಿಯಾದದ್ದೇನೂ ಕಾಣಲಿಲ್ಲ. ಅನಂತರ ಆ ಕೆಲಸಗಾರನ ಮನೆಗೆ ಹೋಗಿ ವಿಚಾರಿಸಿದಾಗ, ಅವರಿಗೆ ತೋರಿಸಿದ್ದು ಕೊನೆಯ ಹಂತದ ಕೆಲಸವನ್ನು ಮಾತ್ರ, ನಿಜವಾದ ಎನಾಮಲ್ ಕೆಲಸ ಬೇರೊಂದು ಕಡೆ ನಡೆಯುತ್ತದೆ ಎಂಬುದು ತಿಳಿಯಿತು. ಕೆಂಪಗೆ ಕಾದ ಕಬ್ಬಿಣದ ತೊಟ್ಟಿಯ ಮೇಲೆ ಎನಾಮಲ್ ಪುಡಿಯನ್ನು ಉದುರಿಸುವಾಗ ಏಳುತ್ತಿದ್ದ ಧೂಳನ್ನು ಕೆಲಸಗಾರರು ಉಸಿರಾಡುತ್ತಿದ್ದರು. ಆ ಪುಡಿಯ ಮಾದರಿಯನ್ನು ಪರೀಕ್ಷಿಸಿದಾಗ ಅದರಲ್ಲಿ ಗಣನೀಯ ಪ್ರಮಾಣದ ಸೀಸವಿರುವುದು ಖಚಿತವಾಯಿತು.

ಮಾಲೀಕರೆಲ್ಲ ಕೇಡಿಗರೆಂದು ಹ್ಯಾಮಿಲ್ಟನ್ ಎಂದೂ ಭಾವಿಸಲಿಲ್ಲ. ತಮ್ಮ ಕಾರ್ಖಾನೆಯಲ್ಲಿ ಏನು ನಡೆಯುತ್ತಿದೆಯೆಂಬುದು ಅನೇಕರಿಗೆ ತಿಳಿದೇ ಇರುವುದಿಲ್ಲ, ಮನವರಿಕೆ ಮಾಡಿಕೊಟ್ಟರೆ ತಿದ್ದಿಕೊಳ್ಳುತ್ತಾರೆ ಎಂಬುದು ಅವರ ನಂಬಿಕೆ. ಬಿಳಿ ಸೀಸ ತಯಾರಿಸುತ್ತಿದ್ದ ನ್ಯಾಷನಲ್ ಲೆಡ್ ಕಂಪನಿಯ ಎಡ್ವರ್ಡ್ ಕಾರ್ನಿಷ್ ಅವರು ತಮ್ಮಲ್ಲಿ ವಿಷಬಾಧೆಯಿದೆಯೆಂಬ ಮಾತನ್ನು ಮೊದಲು ಒಪ್ಪಲಿಲ್ಲ. ಇದ್ದರೆ ಸಾಕ್ಷ್ಯ ತೋರಿಸಬೇಕೆಂದು ಕೇಳಿದರು. ಹ್ಯಾಮಿಲ್ಟನ್ 22 ರೋಗಿಗಳ ವಿವರವನ್ನು ಆಸ್ಪತ್ರೆಯ ದಾಖಲೆಗಳೊಂದಿಗೆ ಮುಂದಿಟ್ಟರು. ಕಾರ್ನಿಷ್ ಮಾತಿಗೆ ತಪ್ಪಲಿಲ್ಲ. ಧೂಳು, ಹೊಗೆಗಳನ್ನು ತಡೆಯುವ ವ್ಯವಸ್ಥೆ ಮಾಡಿಸಿ, ಕೆಲಸಗಾರರನ್ನು ಪರೀಕ್ಷಿಸಲು ವೈದ್ಯರನ್ನು ನೇಮಿಸಿದರು.

1911ರ ಜನವರಿಯಲ್ಲಿ ಆಯೋಗದ ವರದಿ ಹೊರಬಂದಿತು. ಅದೇ ವರ್ಷ ಇಲಿನಾಯ್ ರಾಜ್ಯವು ಅಪಾಯಕಾರಿ ಉದ್ಯಮಗಳಲ್ಲಿ ಸುರಕ್ಷಾ ಕ್ರಮಗಳನ್ನೂ ಕೆಲಸಗಾರರ ವೈದ್ಯಕೀಯ ತಪಾಸಣೆಯನ್ನೂ ಕಡ್ಡಾಯಗೊಳಿಸುವ ಕಾನೂನನ್ನು ಜಾರಿಗೆ ತಂದಿತು.

ಕೇಂದ್ರ ಸರ್ಕಾರದ ಪರವಾಗಿ

1910ರಲ್ಲಿ ಬ್ರಸೆಲ್ಸ್ ನಗರದಲ್ಲಿ ನಡೆದ ಔದ್ಯೋಗಿಕ ಅಪಘಾತ ಮತ್ತು ರೋಗಗಳ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಹ್ಯಾಮಿಲ್ಟನ್ ಭಾಗವಹಿಸಿದ್ದರು. ಅಲ್ಲಿ ಪರಿಚಯವಾದ ಅಮೆರಿಕದ ಕಾರ್ಮಿಕ ಆಯುಕ್ತ ಚಾರ್ಲ್ಸ್ ನೀಲ್ ಅವರು ಇದೇ ಬಗೆಯ ಸಮೀಕ್ಷೆಯನ್ನು ದೇಶದಾದ್ಯಂತ ಕೈಗೊಳ್ಳುವಂತೆ ಕೋರಿದರು. 1911ರಿಂದ ಅವರು ಕೇಂದ್ರ ಸರ್ಕಾರದ ವಿಶೇಷ ಶೋಧಕಿಯಾದರು. ಈ ಹುದ್ದೆಗೆ ನಿಗದಿತ ಸಂಬಳವಿರಲಿಲ್ಲ. ವರದಿ ಪೂರ್ಣವಾದ ಮೇಲೆ ಸರ್ಕಾರ ಅದಕ್ಕೆ ಬೆಲೆ ಕೊಡುತ್ತಿತ್ತು. ಕಾರ್ಖಾನೆಯೊಳಗೆ ಪ್ರವೇಶಿಸುವ ಅಧಿಕಾರವೂ ಇರಲಿಲ್ಲ. ಮಾಲೀಕರ ಅನುಮತಿ ಪಡೆದೇ ಒಳಹೋಗಬೇಕಾಗಿತ್ತು. ಈ ಮಿತಿಯೊಳಗೆ ಬಿಳಿ ಸೀಸ, ಸೀಸ ಕರಗಿಸುವ ಕುಲುಮೆ, ಕುಂಬಾರಿಕೆ, ಬಣ್ಣಗಾರಿಕೆ, ಮುದ್ರಣ, ರಬ್ಬರ್ ಮುಂತಾದ ಉದ್ಯಮಗಳ ಬಗ್ಗೆ ಅವರು ಒಂದರ ಹಿಂದೊಂದು ವರದಿಗಳನ್ನು ಸಿದ್ಧಪಡಿಸಿದರು.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸ್ಫೋಟಕ ಕಾರ್ಖಾನೆಗಳ ಅಧ್ಯಯನ ನಡೆಸಿದರು. ಅವು ಎಲ್ಲೆಲ್ಲಿವೆ ಎಂಬ ಪಟ್ಟಿಯೂ ದೊರೆಯದ ಸನ್ನಿವೇಶದಲ್ಲಿ, ಆಕಾಶಕ್ಕೆ ಏಳುತ್ತಿದ್ದ ಹಳದಿ ಹಾಗೂ ಕಿತ್ತಳೆ ಬಣ್ಣದ ಹೊಗೆಯನ್ನು ಗುರುತಿಟ್ಟುಕೊಂಡು ಹೋಗಿ ಕಾರ್ಖಾನೆಗಳನ್ನು ಪತ್ತೆಮಾಡಿದರು. ಪಿಕ್ರಿಕ್ ಆಮ್ಲದಿಂದ ಮೈ, ಕೂದಲು, ಬಟ್ಟೆಗಳೆಲ್ಲ ಹಳದಿಯಾದ ಕೆಲಸಗಾರರನ್ನು ಜನ ಹಳದಿ ಹಕ್ಕಿಗೆ ಹೋಲಿಸಿ ಕರೆಯುತ್ತಿದ್ದರು. ಟಿಎನ್‌ಟಿ ಚರ್ಮದ ಮೂಲಕವೂ ದೇಹ ಸೇರಿ ಯಕೃತ್ತನ್ನು ಹಾಳುಮಾಡುತ್ತಿತ್ತು. ನೈಟ್ರಿಕ್ ಆಮ್ಲದಿಂದ ಹೊಮ್ಮುವ ಹೊಗೆ ಶ್ವಾಸಕೋಶಗಳಲ್ಲಿ ನೀರು ತುಂಬಿಸಿ ಕೊಲ್ಲುತ್ತಿತ್ತು. ಇದೇ ಅವಧಿಯಲ್ಲಿ ಇಂಡಿಯಾನಾದ ಬೆಡ್‌ಫರ್ಡ್‌ನ ಸುಣ್ಣಕಲ್ಲಿನ ಶಿಲ್ಪಿಗಳ ಬೆರಳುಗಳು ಬಿಳಿಚಿ ಮರಗಟ್ಟುವುದಕ್ಕೆ, ಗಾಳಿಯ ಒತ್ತಡದಿಂದ ನಡೆಯುವ ಸುತ್ತಿಗೆಯ ಕಂಪನವೇ ಕಾರಣವೆಂದು ವಿವರಿಸಿದರು.

ಹಾರ್ವರ್ಡ್ ವಿಶ್ವವಿದ್ಯಾಲಯ

ಔದ್ಯೋಗಿಕ ವೈದ್ಯಶಾಸ್ತ್ರದ ಹೊಸ ವಿಭಾಗಕ್ಕೆ ತಜ್ಞರನ್ನು ಹುಡುಕಿದ ಹಾರ್ವರ್ಡ್ ವೈದ್ಯಕೀಯ ಶಾಲೆಗೆ ಹ್ಯಾಮಿಲ್ಟನ್ ಅವರಿಗೆ ಸರಿಸಮನಾದ ಅನುಭವಿಗಳು ಸಿಗಲಿಲ್ಲ. 1919ರಲ್ಲಿ ಅವರು ಸಹಾಯಕ ಪ್ರಾಧ್ಯಾಪಕಿಯಾಗಿ ನೇಮಕಗೊಂಡರು. ಆಗ ಆ ಶಾಲೆಗೆ ವಿದ್ಯಾರ್ಥಿನಿಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಆ ಬದಲಾವಣೆ ಬಂದದ್ದು 1945ರಲ್ಲಿ. ನೇಮಕಾತಿಗೆ ಮೂರು ನಿರ್ಬಂಧಗಳಿದ್ದವು. ಅಧ್ಯಾಪಕರ ಕ್ಲಬ್ಬಿಗೆ ಪ್ರವೇಶವಿಲ್ಲ. ಫುಟ್‌ಬಾಲ್ ಪಂದ್ಯದ ಟಿಕೆಟ್ಟುಗಳಲ್ಲಿ ಅಧ್ಯಾಪಕರ ಪಾಲು ದೊರೆಯುವುದಿಲ್ಲ. ಘಟಿಕೋತ್ಸವದ ಮೆರವಣಿಗೆಯಲ್ಲಿ ನಡೆಯುವಂತಿಲ್ಲ. ವರ್ಷದಲ್ಲಿ ಅರ್ಧ ಕಾಲ ಮಾತ್ರ ಪಾಠ ಹೇಳಿ, ಉಳಿದರ್ಧವನ್ನು ಕ್ಷೇತ್ರಕಾರ್ಯಕ್ಕೆ ಮೀಸಲಿಡುವ ಷರತ್ತನ್ನು ಅವರು ತಮ್ಮ ಕಡೆಯಿಂದ ಹಾಕಿದ್ದರು. 1935ರಲ್ಲಿ ನಿವೃತ್ತರಾಗುವವರೆಗೂ ಅವರಿಗೆ ಒಂದು ಬಡ್ತಿಯೂ ದೊರೆಯಲಿಲ್ಲ.

ಸೀಸಯುಕ್ತ ಪೆಟ್ರೋಲ್ ವಿವಾದ

1920ರ ದಶಕದಲ್ಲಿ ಎಂಜಿನ್ನಿನ ಬಡಿತವನ್ನು ತಪ್ಪಿಸಲು ಪೆಟ್ರೋಲಿಗೆ ಟೆಟ್ರಾಈಥೈಲ್ ಸೀಸವನ್ನು ಬೆರೆಸುವ ಪದ್ಧತಿ ಆರಂಭವಾಯಿತು. 1924ರ ಅಕ್ಟೋಬರ್‌ನಲ್ಲಿ ನ್ಯೂಜೆರ್ಸಿಯ ಬೇವೇ ತೈಲ ಸಂಸ್ಕರಣಾಗಾರದಲ್ಲಿ ಇದನ್ನು ತಯಾರಿಸುತ್ತಿದ್ದ ಐವರು ಬುದ್ಧಿಭ್ರಮಣೆಗೆ ಒಳಗಾಗಿ ಸಾವನ್ನಪ್ಪಿದರು. 1925ರ ಮೇ ತಿಂಗಳಿನಲ್ಲಿ ಸರ್ಕಾರ ಕರೆದ ಸಮ್ಮೇಳನದಲ್ಲಿ, ಈ ವಸ್ತು ಕಾರ್ಖಾನೆಯ ಕೆಲಸಗಾರರಿಗೆ ಮಾತ್ರವಲ್ಲ, ರಸ್ತೆಯಲ್ಲಿ ಹೊಗೆ ಕುಡಿಯುವ ಸಾಮಾನ್ಯ ಜನರಿಗೂ ಅಪಾಯಕಾರಿ ಎಂದು ಹ್ಯಾಮಿಲ್ಟನ್ ವಾದಿಸಿದರು. ಸೀಸವಿಲ್ಲದ ಬೇರೆ ಪದಾರ್ಥವನ್ನು ಹುಡುಕುವಂತೆ ಒತ್ತಾಯಿಸಿದರು. ತಾತ್ಕಾಲಿಕವಾಗಿ ನಿಂತಿದ್ದ ಮಾರಾಟ, ಮರುವರ್ಷ ತಜ್ಞರ ಸಮಿತಿಯೊಂದು ನಿಷೇಧಕ್ಕೆ ಸಾಕಷ್ಟು ಆಧಾರವಿಲ್ಲವೆಂದು ತಿಳಿಸಿದ ಮೇಲೆ ಮತ್ತೆ ಆರಂಭವಾಯಿತು.

ಹಾನಿ ಇದೆಯೆಂದು ಜನರು ಸಾಬೀತುಪಡಿಸಬೇಕೇ, ಹಾನಿಯಿಲ್ಲವೆಂದು ಉದ್ಯಮ ಸಾಬೀತುಪಡಿಸಬೇಕೇ ಎಂಬುದೇ ಅಂದಿನ ಚರ್ಚೆಯ ಮೂಲ ಪ್ರಶ್ನೆಯಾಗಿತ್ತು. ಹ್ಯಾಮಿಲ್ಟನ್ ಅವರ ಎಚ್ಚರಿಕೆಗೆ ಪೂರ್ಣ ಮನ್ನಣೆ ಸಿಗಲು ಏಳು ದಶಕಗಳು ಬೇಕಾದವು. ಅಮೆರಿಕದಲ್ಲಿ ರಸ್ತೆ ವಾಹನಗಳಿಗೆ ಸೀಸಯುಕ್ತ ಪೆಟ್ರೋಲ್ ಸಂಪೂರ್ಣ ನಿಷೇಧವಾದದ್ದು 1996ರಲ್ಲಿ. ಭಾರತದಲ್ಲಿ 2000ರಲ್ಲಿ ಅದರ ಮಾರಾಟ ಕೊನೆಗೊಂಡಿತು. 2021ರಲ್ಲಿ ಆಲ್ಜೀರಿಯವೂ ಅದನ್ನು ಕೈಬಿಟ್ಟಾಗ, ರಸ್ತೆ ವಾಹನಗಳಿಗೆ ಅಂಥ ಪೆಟ್ರೋಲ್ ಮಾರುವ ದೇಶ ಜಗತ್ತಿನಲ್ಲಿ ಉಳಿಯಲಿಲ್ಲ.

ಇತರ ಅಧ್ಯಯನಗಳು

ಗಡಿಯಾರದ ಮುಖಫಲಕಗಳಿಗೆ ಹೊಳೆಯುವ ರೇಡಿಯಂ ಬಣ್ಣ ಬಳಿಯುತ್ತಿದ್ದ ಯುವತಿಯರು ಕುಂಚದ ತುದಿಯನ್ನು ತುಟಿಗಳಿಂದ ಚೂಪುಮಾಡಿಕೊಳ್ಳುತ್ತಿದ್ದರು. ಇದರಿಂದ ಅವರ ದವಡೆ ಮತ್ತು ಮೂಳೆಗಳು ಹಾಳಾದ ಸಂಗತಿ ಬೆಳಕಿಗೆ ಬಂದಾಗ ಅವರ ಪರವಾಗಿ ಜನಾಭಿಪ್ರಾಯ ರೂಪಿಸುವಲ್ಲಿ ಹ್ಯಾಮಿಲ್ಟನ್ ನೆರವಾದರು. ಟೋಪಿ ತಯಾರಿಕೆ ಹಾಗೂ ಗಣಿಗಳಲ್ಲಿ ಪಾದರಸದ ವಿಷದ ಬಗ್ಗೆಯೂ ಅಧ್ಯಯನ ಮಾಡಿದರು. ನಿವೃತ್ತಿಯ ಬಳಿಕ ಕಾರ್ಮಿಕ ಇಲಾಖೆಯ ಸಲಹೆಗಾರರಾಗಿ, 1937–38ರಲ್ಲಿ ಕೃತಕ ರೇಷ್ಮೆ ಕಾರ್ಖಾನೆಗಳ ಸಮೀಕ್ಷೆ ನಡೆಸಿದರು. ಅಲ್ಲಿ ಬಳಸುತ್ತಿದ್ದ ಕಾರ್ಬನ್ ಡೈಸಲ್ಫೈಡ್ ಕೆಲಸಗಾರರಲ್ಲಿ ಮಾನಸಿಕ ಅಸ್ವಸ್ಥತೆಯನ್ನೂ ನರದೌರ್ಬಲ್ಯವನ್ನೂ ಉಂಟುಮಾಡುತ್ತಿತ್ತು.

ಸಾರ್ವಜನಿಕ ಜೀವನ

1915ರಲ್ಲಿ ಹೇಗ್ ನಗರದಲ್ಲಿ ನಡೆದ ಮಹಿಳೆಯರ ಅಂತರರಾಷ್ಟ್ರೀಯ ಶಾಂತಿ ಸಮ್ಮೇಳನಕ್ಕೆ ಜೇನ್ ಆಡಮ್ಸ್ ಅವರೊಡನೆ ಹೋಗಿದ್ದರು. 1924ರಿಂದ ಎರಡು ಅವಧಿಗೆ ರಾಷ್ಟ್ರಸಂಘದ ಆರೋಗ್ಯ ಸಮಿತಿಯ ಸದಸ್ಯೆಯಾಗಿದ್ದರು. 1944ರಿಂದ 1949ರವರೆಗೆ ರಾಷ್ಟ್ರೀಯ ಗ್ರಾಹಕರ ಸಂಘದ ಅಧ್ಯಕ್ಷೆಯಾಗಿದ್ದರು. ತೊಂಬತ್ತು ದಾಟಿದ ಮೇಲೂ ಅವರ ಕಾಳಜಿ ಕುಂದಲಿಲ್ಲ. ವಿಯೆಟ್ನಾಂನಿಂದ ಅಮೆರಿಕದ ಸೇನೆಯನ್ನು ಹಿಂತೆಗೆದುಕೊಳ್ಳಬೇಕೆಂಬ 1963ರ ಬಹಿರಂಗ ಪತ್ರಕ್ಕೆ ಸಹಿ ಹಾಕಿದ್ದರು.

ಕೊನೆಯ ದಿನಗಳು

ಹ್ಯಾಮಿಲ್ಟನ್ ಅವಿವಾಹಿತರಾಗಿಯೇ ಉಳಿದರು. ಕನೆಕ್ಟಿಕಟ್‌ನ ಹ್ಯಾಡ್ಲೈಮ್‌ನಲ್ಲಿದ್ದ ನದೀತೀರದ ಮನೆಯಲ್ಲಿ ತಂಗಿ ಮಾರ್ಗರೆಟ್ ಅವರೊಡನೆ ವಿಶ್ರಾಂತ ಜೀವನ ನಡೆಸಿದರು. 1970ರ ಸೆಪ್ಟೆಂಬರ್ 22ರಂದು, 101ನೆಯ ವಯಸ್ಸಿನಲ್ಲಿ ಅಲ್ಲಿಯೇ ನಿಧನರಾದರು. ಅಮೆರಿಕದ ಕಾರ್ಮಿಕರೆಲ್ಲರ ಸುರಕ್ಷತೆ ಮತ್ತು ಆರೋಗ್ಯಕ್ಕೆ ಸಂಬಂಧಿಸಿದ ಕೇಂದ್ರ ಕಾಯಿದೆಗೆ ಅಧ್ಯಕ್ಷರ ಸಹಿ ಬಿದ್ದದ್ದು ಅದೇ ವರ್ಷದ ಡಿಸೆಂಬರ್ 29ರಂದು, ಅಂದರೆ ಅವರು ತೀರಿಕೊಂಡ ಮೂರು ತಿಂಗಳ ನಂತರ.

ಗೌರವಗಳು

1947ರಲ್ಲಿ ಲಾಸ್ಕರ್ ಪ್ರಶಸ್ತಿ ಪಡೆದ ಇವರ ಹೆಸರನ್ನು, ಔದ್ಯೋಗಿಕ ಸುರಕ್ಷತೆಯ ರಾಷ್ಟ್ರೀಯ ಸಂಸ್ಥೆ ಸಿನ್ಸಿನಾಟಿಯಲ್ಲಿರುವ ತನ್ನ ಪ್ರಯೋಗಾಲಯಕ್ಕೆ 1987ರಲ್ಲಿ ಇರಿಸಿತು. 1995ರಲ್ಲಿ ಅಮೆರಿಕದ ಅಂಚೆ ಇಲಾಖೆ ಇವರ ಚಿತ್ರವಿರುವ 55 ಸೆಂಟಿನ ಅಂಚೆಚೀಟಿಯನ್ನು ಹೊರತಂದಿತು.

ಇಂದಿನ ಪ್ರಸ್ತುತತೆ

ಔದ್ಯೋಗಿಕ ರೋಗವು ವಿಧಿಯ ಆಟವಲ್ಲ. ಅದಕ್ಕೆ ಗುರುತಿಸಬಹುದಾದ ಕಾರಣವಿದೆ, ಆದ್ದರಿಂದ ತಡೆಯುವ ಮಾರ್ಗವೂ ಇದೆ ಎಂಬುದು ಹ್ಯಾಮಿಲ್ಟನ್ ಅವರ ಬಾಳಿನ ಕೆಲಸದ ಸಾರ. ಭಾರತದಲ್ಲಿ 1948ರ ಕಾರ್ಖಾನೆಗಳ ಕಾಯಿದೆಯ ಮೂರನೆಯ ಅನುಸೂಚಿಯು ವೈದ್ಯರು ಕಡ್ಡಾಯವಾಗಿ ವರದಿ ಮಾಡಬೇಕಾದ ಔದ್ಯೋಗಿಕ ರೋಗಗಳನ್ನು ಪಟ್ಟಿಮಾಡಿತು. ಅದರಲ್ಲಿ ಮೊದಲನೆಯದು ಸೀಸದ ವಿಷಬಾಧೆ. ಹ್ಯಾಮಿಲ್ಟನ್ ಅವರು ಅಧ್ಯಯನ ಮಾಡಿದ ಪಾದರಸ, ಕಾರ್ಬನ್ ಡೈಸಲ್ಫೈಡ್, ನೈಟ್ರಸ್ ಹೊಗೆ ಇವೂ ಅದೇ ಪಟ್ಟಿಯಲ್ಲಿದ್ದವು. ಪಟ್ಟಿಯಲ್ಲಿ ಹೆಸರಿದ್ದರೂ, ರೋಗಿಯ ಉದ್ಯೋಗವನ್ನು ವೈದ್ಯರು ವಿಚಾರಿಸದಿದ್ದರೆ ರೋಗ ದಾಖಲಾಗುವುದಿಲ್ಲ. ಹಳೆಯ ಬ್ಯಾಟರಿಗಳನ್ನು ಒಡೆದು ಸೀಸ ಕರಗಿಸುವ ಸಣ್ಣ ಕೆಲಸದ ಜಾಗಗಳಲ್ಲಿ ದುಡಿಯುವವರಿಗೆ, ಹ್ಯಾಮಿಲ್ಟನ್ ಷಿಕಾಗೋದಲ್ಲಿ ಕಂಡ ಅದೇ ಅಪಾಯ ಇಂದಿಗೂ ಎದುರಾಗುತ್ತದೆ.

ಪ್ರಮುಖ ಕೃತಿಗಳು

ಇಂಡಸ್ಟ್ರಿಯಲ್ ಪಾಯಿಸನ್ಸ್ ಇನ್ ದಿ ಯುನೈಟೆಡ್ ಸ್ಟೇಟ್ಸ್ (1925) – ಅಮೆರಿಕದ ಕೈಗಾರಿಕಾ ವಿಷಗಳ ಕುರಿತ ಗ್ರಂಥ
ಇಂಡಸ್ಟ್ರಿಯಲ್ ಟಾಕ್ಸಿಕಾಲಜಿ (1934) – ಪಠ್ಯಗ್ರಂಥ. 1949ರ ಪರಿಷ್ಕೃತ ಆವೃತ್ತಿ ಹ್ಯಾರಿಯೆಟ್ ಹಾರ್ಡಿ ಅವರೊಂದಿಗೆ
ಎಕ್ಸ್‌ಪ್ಲೋರಿಂಗ್ ದಿ ಡೇಂಜರಸ್ ಟ್ರೇಡ್ಸ್ (1943) – ಆತ್ಮಕಥೆ